ಹಿಂದೀ ಸೀಮೆಯ ಒಂದು ಹಳ್ಳಿ: ಅದರ ಜನಸಂಖ್ಯೆ, ಅದರ ಜೀವಿಕೆ

ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಒಂದು ಹಳ್ಳಿಗೆ ದೊರೆಯುವ ಸ್ಥಳ ಒಂದೇ ಒಂದು ಸಾಲು. ಮನೆಗಳೆಷ್ಟು, ಜನರೆಷ್ಟು, ಅವರಲ್ಲಿ ಗಂಡಸರೆಷ್ಟು ಹೆಂಗಸರೆಷ್ಟು, ಆರು ವರ್ಷದವರೆಗಿನ ಮಕ್ಕಳೆಷ್ಟು, ಪರಿಶಿಷ್ಟ ಜಾತಿಯವರೆಷ್ಟು, ಅಕ್ಷರ ಬಲ್ಲವರೆಷ್ಟು, ಸ್ವಂತ ಬೇಸಾಯದವರೆಷ್ಟು, ಕೂಲಿಯವರೆಷ್ಟು ಎಂಬ ಅಂಕಿಗಳು ಎಡದಿಂದ ಬಲಕ್ಕೆ ಸಾಗಿ ಪುಟದ ಅಂಚಿನಲ್ಲಿ ನಿಂತುಹೋಗುತ್ತವೆ. ಉತ್ತರಪ್ರದೇಶವೊಂದರಲ್ಲೇ 2011ರ ಗಣತಿಯಂತೆ ಜನವಸತಿಯುಳ್ಳ ಹಳ್ಳಿಗಳು 97,000ಕ್ಕೂ ಮೇಲ್ಪಟ್ಟು ಇದ್ದವು. ಅಷ್ಟಕ್ಕೂ ಅಷ್ಟೇ ಸಾಲುಗಳು. ಈ ಅಂಕಿಗಳನ್ನು ಕೂಡಿಸಿದವರ ಶ್ರಮ ಅಪಾರವಾದದ್ದು. ಬಿಸಿಲಿನಲ್ಲಿ ಮನೆಮನೆಯ ಬಾಗಿಲಿಗೆ ಹೋಗಿ ನಿಂತ ಶಾಲಾ ಉಪಾಧ್ಯಾಯರ ಆ ದುಡಿಮೆಯನ್ನು ಲಘುವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೂ ಒಂದು ಹಳ್ಳಿಯ ಜನ ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಆ ಸಾಲಿನ ಬಳಿಗೆ ಹೋದರೆ, ಎಷ್ಟು ಜನ ಎಂಬುದಕ್ಕೆ ಅದು ಕೊಡುವ ಉತ್ತರ ಎಷ್ಟು ದೃಢವೋ ಹೇಗೆ ಎಂಬುದಕ್ಕೆ ಕೊಡುವ ಉತ್ತರ ಅಷ್ಟೇ ದುರ್ಬಲ. ಏಕೆಂದರೆ ಗಣತಿಯು ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ವೃತ್ತಿಯನ್ನು ಕಟ್ಟಿಕೊಡುತ್ತದೆ. ಹಳ್ಳಿಯಲ್ಲಾದರೋ ಜೀವಿಕೆ ಎಂಬುದು ವ್ಯಕ್ತಿಗೆ ಸೇರಿದ್ದಲ್ಲ, ಮನೆಗೆ ಸೇರಿದ್ದು. ಅದೂ ವರ್ಷಪೂರ್ತಿ ಒಂದೇ ಆಗಿರದೆ ಋತುವಿನೊಡನೆ ರೂಪವನ್ನು ಬದಲಿಸುವಂಥದು. ಈ ಒಂದು ವಿಷಯವನ್ನು ಸಾಧ್ಯವಾದಷ್ಟು ಸಾಕ್ಷ್ಯಸಹಿತವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಸಾಕ್ಷ್ಯಕ್ಕೆ ನಾವು ಹೋಗಬೇಕಾದ ಸ್ಥಳ ಪಶ್ಚಿಮ ಉತ್ತರಪ್ರದೇಶದ ಮೊರಾದಾಬಾದ್ ಜಿಲ್ಲೆಯ ಪಾಲನ್‌ಪುರ. ಗುಜರಾತಿನಲ್ಲಿ ಇದೇ ಹೆಸರಿನ ದೊಡ್ಡ ಪಟ್ಟಣವೊಂದುಂಟು; ಇದು ಅದಲ್ಲ. ಚಂದೌಸಿ ಎಂಬ ಮಂಡಿಯ ಊರಿಗೆ ಸುಮಾರು ಹದಿಮೂರು ಕಿಲೋಮೀಟರು, ಮೊರಾದಾಬಾದ್ ನಗರಕ್ಕೆ ಸುಮಾರು ಮೂವತ್ತು ಕಿಲೋಮೀಟರು ದೂರದಲ್ಲಿ, ರೈಲುದಾರಿಯ ಮಗ್ಗುಲಲ್ಲಿ ಇರುವ ಈ ಗ್ರಾಮಕ್ಕೆ ಇತಿಹಾಸದಲ್ಲಿ ಹೆಸರಿಲ್ಲ, ಕ್ಷೇತ್ರಮಹಿಮೆಯಿಲ್ಲ, ಹಾಡಿ ಹೊಗಳಿಸಿಕೊಂಡ ವೀರಪುರುಷನೊಬ್ಬನೂ ಇದ್ದಂತೆ ಕಾಣುವುದಿಲ್ಲ. ಅದರ ಭಾಗ್ಯವೋ ನಮ್ಮ ಭಾಗ್ಯವೋ, ದೆಹಲಿ ವಿಶ್ವವಿದ್ಯಾನಿಲಯದ ಕೃಷಿ ಅರ್ಥಶಾಸ್ತ್ರ ಸಂಶೋಧನ ಕೇಂದ್ರದವರು 1957-58ರಲ್ಲಿ ಈ ಹಳ್ಳಿಯ ಪ್ರತಿಯೊಂದು ಮನೆಯ ಲೆಕ್ಕವನ್ನೂ ಬರೆದುಕೊಂಡರು. 1962-63ರಲ್ಲಿ ಪುನಃ ಬಂದು ನೋಡಿದರು. 1974-75ರಲ್ಲಿ ಕ್ರಿಸ್ಟೋಫರ್ ಬ್ಲಿಸ್ ಮತ್ತು ನಿಕೋಲಸ್ ಸ್ಟರ್ನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಗೋಧಿ ಬೆಳೆಯುವ ಒಂದು ಹಳ್ಳಿಯನ್ನು ಹುಡುಕುತ್ತ ಇಲ್ಲಿಗೆ ಬಂದು, ಅದರ ಫಲವಾಗಿ 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 1983-84ರಲ್ಲಿ ಜಾನ್ ಡ್ರೇಜ್ ಮತ್ತು ನರೇಶ್ ಶರ್ಮ ಹಳ್ಳಿಯಲ್ಲಿಯೇ ವಾಸಮಾಡಿ ವಿವರಗಳನ್ನು ಸಂಗ್ರಹಿಸಿದರು. 1993ರಲ್ಲಿ ಒಂದು ಸಣ್ಣ ಸಮೀಕ್ಷೆ, 2008ರಿಂದ 2010ರವರೆಗೆ ಹಿಮಾಂಶು ಮೊದಲಾದವರ ವಿಸ್ತಾರವಾದ ಸಮೀಕ್ಷೆ, 2015ರಲ್ಲಿ ಇನ್ನೊಂದು ಭೇಟಿ. ಇವೆಲ್ಲವನ್ನೂ ಒಳಗೊಂಡು 2018ರಲ್ಲಿ ಮತ್ತೊಂದು ಬೃಹದ್ಗ್ರಂಥ. ಅರ್ಧ ಶತಮಾನಕ್ಕೂ ಮೀರಿ ಒಂದೇ ಹಳ್ಳಿಯನ್ನು, ಒಂದು ಮನೆಯನ್ನೂ ಬಿಡದೆ, ಮತ್ತೆ ಮತ್ತೆ ನೋಡಿದ ಇಂಥ ಉದಾಹರಣೆ ಪ್ರಪಂಚದಲ್ಲಿಯೇ ಅತಿ ವಿರಳ.

ಮೊದಲು ಜನಸಂಖ್ಯೆಯ ಮಾತು. 1957-58ರಲ್ಲಿ ಪಾಲನ್‌ಪುರದಲ್ಲಿ 100 ಮನೆಗಳು, 528 ಜನ. 1962-63ರಲ್ಲಿ 106 ಮನೆ, 585 ಜನ. 1974-75ರಲ್ಲಿ 112 ಮನೆ, 757 ಜನ. 1983-84ರಲ್ಲಿ 143 ಮನೆ, 960 ಜನ. 1993ರಲ್ಲಿ 193 ಮನೆ, 1,133 ಜನ. 2008-09ರಲ್ಲಿ 233 ಮನೆ, 1,255 ಜನ. ಐವತ್ತು ವರ್ಷಗಳಲ್ಲಿ ಜನ ಎರಡೂವರೆ ಪಟ್ಟಿಗೆ ಸಮೀಪವಾದರು ಎಂಬಷ್ಟನ್ನು ಓದಿ ಪುಟವನ್ನು ತಿರುಗಿಸಿಬಿಡುವವರೇ ಹೆಚ್ಚು. ಆದರೆ ಜನದ ಅಂಕಿಯನ್ನೂ ಮನೆಯ ಅಂಕಿಯನ್ನೂ ಜೊತೆಯಲ್ಲಿಟ್ಟು ನೋಡಿದಾಗ ಬೇರೊಂದು ವೃತ್ತಾಂತ ಹೊರಬೀಳುತ್ತದೆ. ಮೊದಲ ಹದಿನೇಳು ವರ್ಷಗಳಲ್ಲಿ ಜನ ನೂರಕ್ಕೆ 43ರಷ್ಟು ಹೆಚ್ಚಿದರೂ ಮನೆಗಳು ಹೆಚ್ಚಿದ್ದು ನೂರಕ್ಕೆ 12 ಮಾತ್ರ. ಹುಟ್ಟಿದ ಮಕ್ಕಳು ಇದ್ದ ಮನೆಗಳಲ್ಲಿಯೇ ಅಡಕವಾದರು, ಒಂದು ಒಲೆಯ ಸುತ್ತ ಕೂರುವವರ ಸಂಖ್ಯೆ ಸರಾಸರಿ ಐದರಿಂದ ಏಳರ ಹತ್ತಿರಕ್ಕೆ ಏರಿತು. ಅಲ್ಲಿಂದ ಮುಂದಿನ ಕಾಲದಲ್ಲಿ ಇದು ತಲೆಕೆಳಗಾಯಿತು. 1974ರಿಂದ 2008ರವರೆಗೆ ಜನ ನೂರಕ್ಕೆ 66ರಷ್ಟು ಹೆಚ್ಚಿದರೆ ಮನೆಗಳು ಎರಡು ಪಟ್ಟನ್ನೂ ದಾಟಿದವು. ಒಲೆಯೊಂದಕ್ಕೆ ಮತ್ತೆ ಐದು ಚಿಲ್ಲರೆ ಜನ ಎಂಬ ಹಳೆಯ ಪ್ರಮಾಣಕ್ಕೇ ಹಳ್ಳಿ ಹಿಂದಿರುಗಿತು. ತಂದೆ ಬದುಕಿರುವಾಗಲೇ ಅಣ್ಣತಮ್ಮಂದಿರು ಬೇರೆಯಾಗುವುದು ಅಪವಾದವಾಗಿದ್ದ ಕಾಲ ಹೋಗಿ ಅದೇ ರೂಢಿಯಾಯಿತು ಎಂಬುದನ್ನು ಈ ಅಂಕಿಗಳು ಸೂಚಿಸುತ್ತವೆ. ಎತ್ತು, ನೇಗಿಲು, ಬಾವಿ ಇವು ಕೂಡಿದ್ದ ಕುಟುಂಬದ ಆಸ್ತಿಯಾಗಿದ್ದು, ಅವನ್ನು ಒಡೆದರೆ ಬೇಸಾಯವೇ ಒಡೆಯುತ್ತಿದ್ದ ಕಾಲದಲ್ಲಿ ಒಟ್ಟಾಗಿರುವುದಕ್ಕೆ ಪ್ರಬಲವಾದ ಕಾರಣವಿತ್ತು. ಬಾಡಿಗೆಗೆ ಟ್ರಾಕ್ಟರು, ಗಂಟೆಯ ಲೆಕ್ಕಕ್ಕೆ ನೀರು ದೊರೆಯತೊಡಗಿದ ಮೇಲೆ, ಮಗನೊಬ್ಬನ ಕೈಗೆ ಹೊರಗಿನ ಕೂಲಿಯ ನಗದು ಬರತೊಡಗಿದ ಮೇಲೆ, ಆ ಕಾರಣ ಸಡಿಲಿತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಜನಸಂಖ್ಯೆಯ ಏರಿಕೆ ಇಳಿಮುಖವಾದದ್ದನ್ನೂ ಇಲ್ಲಿಯೇ ಗಮನಿಸಬೇಕು. 1983ರಿಂದ 1993ರವರೆಗಿನ ಹತ್ತು ವರ್ಷಗಳಲ್ಲಿ 173 ಜನ ಹೆಚ್ಚಿದರು. ಅನಂತರದ ಹದಿನೈದು ವರ್ಷಗಳಲ್ಲಿ ಹೆಚ್ಚಿದವರು 122 ಜನ. ಇದು ಪಾಲನ್‌ಪುರದ ವಿಶೇಷವೇನೂ ಅಲ್ಲ. ಉತ್ತರಪ್ರದೇಶದ ಹೆಂಗಸೊಬ್ಬಳು ಹೆರುವ ಮಕ್ಕಳ ಸರಾಸರಿ ಸಂಖ್ಯೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 2005-06ರಲ್ಲಿ 3.8 ಇದ್ದದ್ದು, 2015-16ರಲ್ಲಿ 2.7 ಆಗಿ, 2019-21ರಲ್ಲಿ 2.4ಕ್ಕೆ ಇಳಿದಿದೆ. ಹಿಂದೀ ಸೀಮೆಯ ಹಳ್ಳಿಯೆಂದರೆ ಅಳತೆಗೆಟ್ಟು ಬೆಳೆಯುವ ಜನರಾಶಿ ಎಂದು ದಕ್ಷಿಣದ ನಮ್ಮಲ್ಲಿ ಅನೇಕರು ಭಾವಿಸಿರುವುದುಂಟು. ಆ ಭಾವನೆ ಒಂದು ತಲೆಮಾರಿನಷ್ಟು ಹಳೆಯದಾಯಿತು. ನಿಜವಾಗಿ ಕಳವಳಪಡಬೇಕಾದ ಅಂಕಿ ಬೇರೆ ಇದೆ: 2011ರಲ್ಲಿ ಆ ರಾಜ್ಯದಲ್ಲಿ ಸಾವಿರ ಗಂಡಸರಿಗೆ 912 ಹೆಂಗಸರಿದ್ದರು, ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಕೂಸುಗಳಿಗೆ 902 ಹೆಣ್ಣುಕೂಸುಗಳು ಮಾತ್ರ.

ಇನ್ನು ಭೂಮಿ. ಪಾಲನ್‌ಪುರದ ಸಾಗುವಳಿಯ ನೆಲ ಸುಮಾರು ನಾನೂರು ಎಕರೆಯ ಆಸುಪಾಸಿನದು. ಅಲ್ಲಿಯ ಜನ ಅದನ್ನು ಬೀಘಾಗಳಲ್ಲಿ ಎಣಿಸುತ್ತಾರೆ, ಆರು ಬೀಘಾಕ್ಕೆ ತುಸು ಮೇಲಾದರೆ ಒಂದು ಎಕರೆ. ಈ ನೆಲ ಹಿಗ್ಗುವಂಥದಲ್ಲವಾದ್ದರಿಂದ ತಲೆಗೆ ಮುಕ್ಕಾಲು ಎಕರೆಯಷ್ಟಿದ್ದ ಪಾಲು ಐವತ್ತು ವರ್ಷಗಳಲ್ಲಿ ಎಕರೆಯ ಮೂರನೆಯ ಒಂದಂಶಕ್ಕೆ ಇಳಿಯಿತು. ಇಡೀ ರಾಜ್ಯದ ಸ್ಥಿತಿಯೂ ಇದೇ; 2015-16ರ ಕೃಷಿ ಗಣತಿಯಂತೆ ಅಲ್ಲಿ ಹಿಡುವಳಿಯೊಂದರ ಸರಾಸರಿ ವಿಸ್ತೀರ್ಣ 0.73 ಹೆಕ್ಟೇರು, ಎಂದರೆ ಎರಡು ಎಕರೆಗೂ ಕಡಿಮೆ. ಬರಿಯ ಈ ಗಣಿತದಿಂದ ತೀರ್ಮಾನಿಸುವುದಾದರೆ ಹಳ್ಳಿಯ ಜನ 1957ರಲ್ಲಿದ್ದುದಕ್ಕಿಂತ ಇಂದು ಬಡವರಾಗಿರಬೇಕಾಗಿತ್ತು. ಹಾಗಾಗಲಿಲ್ಲ, ಆ ಹಳ್ಳಿಯ ತಲಾ ಆದಾಯ ಏರಿದೆ, ಕಡುಬಡತನ ತಗ್ಗಿದೆ. ಹೇಗೆ ಎಂಬುದನ್ನು ತಿಳಿಯುವುದಕ್ಕೆ ಎರಡು ಕಡೆ ನೋಡಬೇಕು: ನೆಲದ ಒಳಗೆ ಮತ್ತು ಊರಿನ ಹೊರಗೆ.

ನೆಲದ ಒಳಗಿನದು ನೀರು. 1957-58ರಲ್ಲಿ ಹಳ್ಳಿಯ ಅರ್ಧದಷ್ಟು ಹೊಲಗಳಿಗೆ ಮಾತ್ರ ನೀರಿನ ಅನುಕೂಲವಿತ್ತು. ಅದೂ ರಹಟ್ ಎಂಬ, ಎತ್ತುಗಳು ಸುತ್ತಿ ಸುತ್ತಿ ತಿರುಗಿಸುವ ನೀರಗಾಲಿಯಿಂದ. 1952ರ ಜುಲೈಯಿಂದ ಜಮೀನ್ದಾರಿ ರದ್ದಾಗಿ ಭೂಮಿಯಲ್ಲಿ ಸ್ಥಿರವಾದ ಹಕ್ಕನ್ನು ಪಡೆದ ರೈತ, ತನ್ನ ಹೊಲದಲ್ಲಿ ಹಣ ಹೂಡಲು ಧೈರ್ಯವಹಿಸಿದನು. ಚಕ್‌ಬಂದಿ ಎಂದು ಅಲ್ಲಿಯವರು ಕರೆಯುವ ಹಿಡುವಳಿಗಳ ಏಕೀಕರಣ ಈ ಸೀಮೆಯಲ್ಲಿ ನಡೆದು, ಹತ್ತು ದಿಕ್ಕಿಗೆ ಚದುರಿಹೋಗಿದ್ದ ತುಂಡು ನೆಲಗಳು ಒಂದೆರಡು ಕಡೆ ಕೂಡಿಬಂದಲ್ಲಿ ಬಾವಿ ತೋಡುವುದು ಲಾಭದಾಯಕವಾಯಿತು. ಗಿಡ್ಡತಳಿಯ ಗೋಧಿ, ರಾಸಾಯನಿಕ ಗೊಬ್ಬರ, ಡೀಸೆಲ್ ಪಂಪು ಇವು ಒಂದರ ಹಿಂದೊಂದು ಬಂದವು. 1974-75ರ ಹೊತ್ತಿಗೆ ಹೊಲಗಳೆಲ್ಲಕ್ಕೂ ಬಹುಮಟ್ಟಿಗೆ ನೀರು ದೊರೆತು, ಮಳೆಗಾಲದ ಖರೀಫ್, ಚಳಿಗಾಲದ ರಬಿ ಎಂದು ಎರಡು ಬೆಳೆ ತೆಗೆಯುವ ವಾಡಿಕೆ ಸಾರ್ವತ್ರಿಕವಾಯಿತು. ಗೋಧಿ, ಕಬ್ಬು, ಸಜ್ಜೆ, ಭತ್ತ ಇವೇ ಮುಖ್ಯ ಬೆಳೆಗಳು. ಮೇವಿನ ಬೆಳೆ ಎಲ್ಲರ ಹೊಲದಲ್ಲಿಯೂ ಒಂದು ಮೂಲೆಯನ್ನು ಆಕ್ರಮಿಸಿರುತ್ತದೆ, ಏಕೆಂದರೆ ಎಮ್ಮೆಯಿಲ್ಲದ ಮನೆಯನ್ನು ಆ ಸೀಮೆಯವರು ಮನೆಯೆಂದೇ ಗಣಿಸುವುದಿಲ್ಲ. ಕೃಷಿ ಕೂಲಿಯನ್ನು ಗೋಧಿಯ ತೂಕದಲ್ಲಿ ಎಣಿಸಿದರೆ 1957ರಿಂದ 1983ರೊಳಗೆ ಅದು ಸುಮಾರು ಇಮ್ಮಡಿಯಾಯಿತು. ಜನ ಹೆಚ್ಚಿಯೂ ಕೂಲಿ ಏರಿದುದು, ಜನ ಹೆಚ್ಚಿದರೆ ಕೂಲಿ ಇಳಿಯಲೇಬೇಕೆಂದು ನಂಬಿದ್ದವರಿಗೆ ಪಾಲನ್‌ಪುರ ಕೊಟ್ಟ ಉತ್ತರ.

ಈ ಬೆಳಸಿನ ಲಾಭ ಎಲ್ಲರಿಗೂ ಸಮನಾಗಿ ಹಂಚಿಹೋಯಿತೆಂದು ತಿಳಿಯಕೂಡದು. ಹಳ್ಳಿಯಲ್ಲಿ ಠಾಕೂರರು, ಮುರಾವರು, ಜಾಟವರು ಎಂಬ ಮೂರು ದೊಡ್ಡ ಸಮುದಾಯಗಳಿವೆ. ಗಡರಿಯಾ, ಧೀಮರ್, ಪಾಸಿ, ಧೋಬಿ, ಮುಸಲ್ಮಾನರಾದ ತೇಲಿ ಮೊದಲಾದ ಚಿಕ್ಕ ಸಮುದಾಯಗಳೂ ಇವೆ. ಠಾಕೂರರು ಪ್ರತಿಷ್ಠೆಯಲ್ಲಿ ಮೊದಲಿಗರು. ಇತರರ ಹೊಲದಲ್ಲಿ ದುಡಿಯುವುದು ಅವರಿಗೆ ಹಿಂದಿನಿಂದ ಅವಮಾನದ ವಿಷಯ. ಮುರಾವರು ಪರಂಪರೆಯಿಂದ ಬೇಸಾಯಗಾರರು, ನೆಲದ ಮೇಲೆ ಬಗ್ಗಿ ದುಡಿಯುವುದರಲ್ಲಿ ಸಂಕೋಚವನ್ನು ಅರಿಯದವರು. ನೀರು ಮತ್ತು ಹೊಸ ಬೀಜ ಬಂದಾಗ ಅದನ್ನು ಪೂರ್ಣವಾಗಿ ಬಳಸಿಕೊಂಡವರು ಇವರೇ; ಐಶ್ವರ್ಯದಲ್ಲಿ ಅವರು ಠಾಕೂರರನ್ನು ಸರಿಗಟ್ಟಿದರು. ಪರಿಶಿಷ್ಟ ಜಾತಿಯ ಜಾಟವರಿಗಾದರೋ ಇದ್ದ ನೆಲವೇ ಸ್ವಲ್ಪ, ಅದೂ ಸತ್ತ್ವ ಕಡಿಮೆಯಾದದ್ದು, ಸಾಲ ಹುಟ್ಟುವುದು ದುರ್ಲಭ, ಶಾಲೆಯ ಬಾಗಿಲು ಬಹುಕಾಲ ಹೆಸರಿಗಷ್ಟೇ ತೆರೆದಿದ್ದದ್ದು. ಹಸಿರು ಕ್ರಾಂತಿಯೆಂದು ನಾವು ಹೊಗಳುವ ಆ ಕಾಲದಲ್ಲಿ ಅವರ ಪಾಲಿಗೆ ಬಂದದ್ದು ಏರಿದ ಕೂಲಿಯ ಅಂಶ ಮಾತ್ರ. ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು ಮೈಸೂರಿನ ಬಳಿಯ ರಾಂಪುರದಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ನಡೆಸಿ, ಅದರ ಅನುಭವದಿಂದ ಪ್ರಬಲ ಜಾತಿ ಎಂಬ ವಿಚಾರವನ್ನು ಬೆಳೆಸಿದಾಗ ಸಂಖ್ಯೆ, ಭೂಮಿ, ಪ್ರತಿಷ್ಠೆ ಇವು ಒಂದೇ ಕಡೆ ಕೂಡುವುದನ್ನು ಎತ್ತಿ ತೋರಿಸಿದರು. ಪಾಲನ್‌ಪುರದಲ್ಲಿ ಪ್ರತಿಷ್ಠೆ ಒಂದು ಕಡೆಗೂ ಬೇಸಾಯದ ಸಂಪತ್ತು ಮತ್ತೊಂದು ಕಡೆಗೂ ವಾಲಿದ್ದನ್ನು ನೋಡಿದರೆ, ಒಕ್ಕಲು ಸಮುದಾಯಗಳ ಚರಿತ್ರೆಯನ್ನು ಬಲ್ಲ ಕನ್ನಡ ಓದುಗರಿಗೆ ಅದರ ಅರ್ಥವನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಈ ಜಾತಿಗಳನ್ನೆಲ್ಲ ಒಂದು ಕಟ್ಟಿನೊಳಗೆ ಹಿಡಿದಿದ್ದದ್ದು ಜಜಮಾನಿ ಪದ್ಧತಿ. ಇದನ್ನು ಮೊದಲು ಕ್ರಮವಾಗಿ ವರ್ಣಿಸಿದವರು ಮೈನ್‌ಪುರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 1925ರಿಂದ ನೆಲಸಿದ್ದ ವಿಲಿಯಂ ಮತ್ತು ಶಾರ್ಲಟ್ ವೈಸರ್ ದಂಪತಿಗಳು. ಅವರು ತಮ್ಮ ಬರಹಗಳಲ್ಲಿ ಆ ಹಳ್ಳಿಗೆ ಕರೀಂಪುರ ಎಂಬ ಕಲ್ಪಿತ ನಾಮವನ್ನಿಟ್ಟರು. ಆಗ ಅಲ್ಲಿದ್ದ ಜನ 754; ಬಡಗಿ, ಕಮ್ಮಾರ, ಕ್ಷೌರಿಕ, ಕುಂಬಾರ, ಅಗಸ ಇವರೆಲ್ಲರೂ ಗೊತ್ತಾದ ಮನೆಗಳಿಗೆ ವರ್ಷವಿಡೀ ಸೇವೆ ಸಲ್ಲಿಸಿ ಸುಗ್ಗಿಯಲ್ಲಿ ಕಾಳನ್ನು ಪಡೆಯುತ್ತಿದ್ದರು. ನಮ್ಮ ಆಯಗಾರರ ಪದ್ಧತಿಗೆ ಇದು ಅತಿ ಸಮೀಪದ್ದು. ಭೇದವೇನೆಂದರೆ ನಮ್ಮಲ್ಲಿ ಆಯ ಸಲ್ಲುತ್ತಿದ್ದದ್ದು ಬಹುಮಟ್ಟಿಗೆ ಇಡೀ ಊರಿನ ಪರವಾಗಿ, ಅಲ್ಲಿ ಸಂಬಂಧವಿದ್ದದ್ದು ಮನೆಮನೆಯ ನಡುವೆ. 1984ರಲ್ಲಿ ಸೂಸನ್ ವಾಡ್ಲಿ ಮತ್ತು ಅವರ ಸಹೋದ್ಯೋಗಿ ಕರೀಂಪುರವನ್ನು ಪುನಃ ಎಣಿಸಿದಾಗ ಜನ ಎರಡು ಸಾವಿರವನ್ನು ಮೀರಿದ್ದರು, ಜಜಮಾನಿ ಬಹುತೇಕ ಸಡಿಲಗೊಂಡಿತ್ತು. ಕಾಳಿನ ಬದಲು ನಗದು ಬಂದದ್ದರಿಂದ ಕುಶಲಕರ್ಮಿಗೆ ಸ್ವಾತಂತ್ರ್ಯ ದೊರೆಯಿತು, ನಿಜ; ಬರಗಾಲದಲ್ಲಿಯೂ ಒಂದು ಹಿಡಿ ಕಾಳಿಗೆ ಮೋಸವಿಲ್ಲವೆಂಬ ಭರವಸೆ ಅದರೊಡನೆಯೇ ಹೋಯಿತು. ಕಾಲವನ್ನು ಹಿಂದಕ್ಕೆ ತಿರುಗಿಸಬೇಕೆಂದು ಯಾವ ಅಗಸನೂ ಯಾವ ಚಮ್ಮಾರನೂ ಕೇಳಿಕೊಂಡದ್ದು ನನಗೆ ತಿಳಿಯದು. ಹಳೆಯ ಹಳ್ಳಿಯನ್ನು ನೆನೆದು ಕಣ್ಣೀರಿಡುವ ಲೇಖಕರು ಇದನ್ನು ಗಮನಿಸಬೇಕು.

ಗಣತಿಯ ಅಂಕಣಗಳು ಎಲ್ಲಿ ಎಡವುತ್ತವೆ ಎಂಬುದು ಗೇಣಿಯ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ಜಮೀನ್ದಾರಿ ರದ್ದತಿಯ ಕಾನೂನು, ಅಶಕ್ತರೇ ಮೊದಲಾದ ಕೆಲವರನ್ನು ಬಿಟ್ಟು ಉಳಿದವರು ಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಹಳ್ಳಿ ಅದಕ್ಕೆ ಉತ್ತರವಾಗಿ ಎಲ್ಲವನ್ನೂ ಬಾಯಿಮಾತಿನಲ್ಲಿ ನಡೆಸಿಕೊಂಡು ಬಂದಿತು. ಇಳುವರಿಯನ್ನು ಸಮಸಮವಾಗಿ ಹಂಚಿಕೊಳ್ಳುವ ಬಟಾಯಿ, ಮುಂಗಡವಾಗಿ ನಗದು ಕೊಟ್ಟು ನೆಲವನ್ನು ಹಿಡಿಯುವ ಪೇಶ್ಗಿ, ನೆಲದವನೇ ಬೀಜ ಗೊಬ್ಬರ ನೀರುಗಳ ವೆಚ್ಚವನ್ನು ಹೊತ್ತು, ಮೈದುಡಿಮೆಯನ್ನು ಮಾತ್ರ ಕೊಡುವವನಿಗೆ ಕಾಲುಭಾಗ ಬೆಳೆಯನ್ನು ಕೊಡುವ ಚೌಥಾಯಿ ಎಂದು ಮೂರು ಬಗೆಗಳು. ಬ್ಲಿಸ್ ಮತ್ತು ಸ್ಟರ್ನ್ ಕಂಡುಕೊಂಡ ಒಂದು ಸಂಗತಿ ಇಲ್ಲಿ ಸ್ಮರಣೀಯ. ಹಳ್ಳಿಯಲ್ಲಿ ಎತ್ತುಗಳನ್ನು ಬಾಡಿಗೆಗೆ ಕೊಡುವ ವಾಡಿಕೆ ಇರಲಿಲ್ಲ, ಏಕೆಂದರೆ ಪರರ ಕೈಯಲ್ಲಿ ಎತ್ತು ಕ್ಷೇಮವಾಗಿರುವುದೆಂದು ಯಾರೂ ನಂಬರು. ಆದ್ದರಿಂದ ಎತ್ತು ನೆಲದ ಬಳಿಗೆ ಹೋಗದೆ ನೆಲವೇ ಎತ್ತಿನ ಬಳಿಗೆ ಬರುತ್ತಿತ್ತು. ಎತ್ತಿಲ್ಲದ ಭೂಮಾಲೀಕ ತನ್ನ ಹೊಲವನ್ನು ಎತ್ತಿದ್ದವನಿಗೆ ಬಟಾಯಿಗೆ ಕೊಡುತ್ತಿದ್ದನು. ಹೀಗೆ ಬಡವನು ಸಿರಿವಂತನಿಗೆ ಗೇಣಿಗೆ ಕೊಡುವುದೂ ಅಲ್ಲಿ ಅಪರೂಪವಾಗಿರಲಿಲ್ಲ. ಟ್ರಾಕ್ಟರು ಬಂದ ಮೇಲೆ ಈ ತರ್ಕ ಮಾಯವಾಗಿ, ಇತ್ತೀಚಿನ ಸಮೀಕ್ಷೆಗಳ ಕಾಲಕ್ಕೆ ಚೌಥಾಯಿ ಹೆಚ್ಚಾಗಿದೆ. ಹೊರಗಿನ ಉದ್ಯೋಗ ಹಿಡಿದ ಮಾಲೀಕ ಹೊಲದ ನಿಗಾವನ್ನು ದುಡಿಯುವವನಿಗೆ ಒಪ್ಪಿಸಿ ಕಾಲುಪಾಲನ್ನು ಕೊಟ್ಟು ನಿಶ್ಚಿಂತನಾಗುತ್ತಾನೆ. ಹಾಗೆ ಕಾಲುಪಾಲಿಗೆ ದುಡಿಯುವ ಜಾಟವನು ಬೇಸಾಯಗಾರನೋ ಕೂಲಿಕಾರನೋ? ಬೆಳೆ ಹೋದರೆ ಅವನ ಪಾಲೂ ಹೋಗುತ್ತದಾದ್ದರಿಂದ ಬೇಸಾಯಗಾರ. ಉಪಕರಣ, ನಿರ್ಣಯ, ನೆಲ ಯಾವುದೂ ಅವನದಲ್ಲವಾದ್ದರಿಂದ ಕೂಲಿಕಾರ. 2001ರಿಂದ 2011ರೊಳಗೆ ಭಾರತದಲ್ಲಿ ಬೇಸಾಯಗಾರರು 12.7 ಕೋಟಿಯಿಂದ 11.9 ಕೋಟಿಗೆ ಇಳಿದು, ಕೃಷಿ ಕೂಲಿಕಾರರು 10.7 ಕೋಟಿಯಿಂದ 14.4 ಕೋಟಿಗೆ ಏರಿದರೆಂಬ ಅಂಕಿ ಸಕಾರಣವಾಗಿಯೇ ದೇಶವನ್ನು ಬೆಚ್ಚಿಬೀಳಿಸಿತು. ಆದರೆ ಆ ಎರಡು ಅಂಕಣಗಳ ನಡುವಿನ ಗೆರೆ ಹೊಲದಲ್ಲಿ ಎಷ್ಟು ಮಸುಕಾಗಿದೆ ಎಂಬುದನ್ನು ಬಲ್ಲವರು ಆ ಅಂಕಿಯನ್ನು ಇನ್ನೂ ಎಚ್ಚರಿಕೆಯಿಂದ ಓದುತ್ತಾರೆ.

ಈಗ ಊರಿನ ಹೊರಗಿನ ದಾರಿ. ಪಾಲನ್‌ಪುರದ ಬದುಕನ್ನು ಬದಲಿಸಿದ ಶಕ್ತಿಗಳಲ್ಲಿ ನೀರು ಮೊದಲನೆಯದಾದರೆ ರೈಲುದಾರಿ ಎರಡನೆಯದು. ಮೊರಾದಾಬಾದ್ ಹಿತ್ತಾಳೆಯ ಪಾತ್ರೆಪದಾರ್ಥಗಳಿಗೆ ಹೆಸರಾದ ನಗರ. ಅಲ್ಲಿಯ ಕಾರ್ಖಾನೆಗಳಲ್ಲಿ ಮೆರಗು ಹಾಕುವ ಕೆಲಸ, ಚಂದೌಸಿಯ ಮಂಡಿಯಲ್ಲಿ ಹೊರೆ ಹೊರುವ ಕೆಲಸ, ರೈಲ್ವೆಯ ಚಿಕ್ಕ ನೌಕರಿ, ಇಟ್ಟಿಗೆಗೂಡು, ಕಟ್ಟಡದ ಕೆಲಸ, ಊರಲ್ಲಿಯೇ ಒಂದು ಚಿಕ್ಕ ಅಂಗಡಿ ಅಥವಾ ದುರಸ್ತಿಯ ಕಸುಬು, ಹೀಗೆ ಬೇಸಾಯೇತರ ಮಾರ್ಗಗಳು ಒಂದೊಂದಾಗಿ ತೆರೆದವು. 1957ರಲ್ಲಿ ಹಳ್ಳಿಯ ಆದಾಯದಲ್ಲಿ ಅತ್ಯಲ್ಪವಾಗಿದ್ದ ಈ ಪಾಲು 1983-84ರ ಹೊತ್ತಿಗೆ ಮೂರನೆಯ ಒಂದಂಶದಷ್ಟಾಗಿ, 2008-09ರಲ್ಲಿ ಸುಮಾರು ಅರ್ಧವನ್ನು ಮುಟ್ಟಿತು. ವಿಶೇಷವೆಂದರೆ ಇವರಲ್ಲಿ ಬಹುಮಂದಿ ಊರನ್ನು ಬಿಟ್ಟವರಲ್ಲ. ಬೆಳಗ್ಗೆ ರೈಲಿಗೋ ಸೈಕಲ್ಲಿಗೋ ಏರಿ ಹೋಗಿ ರಾತ್ರಿ ಮನೆಗೆ ಬಂದು ಮಲಗುವವರು, ಗೋಧಿಯ ಕಟಾವಿನಲ್ಲಿ ನಾಲ್ಕು ದಿನ ನಗರದ ಕೆಲಸಕ್ಕೆ ತಪ್ಪಿಸಿಕೊಂಡು ಹೊಲದಲ್ಲಿ ನಿಲ್ಲುವವರು. ಒಳ್ಳೆಯ ಸ್ಥಿರವಾದ ನೌಕರಿಗಳನ್ನು ಓದು ಮತ್ತು ಪರಿಚಯಗಳ ಬಲವಿದ್ದವರು ಮೊದಲು ಹಿಡಿದರು; ಇಟ್ಟಿಗೆಗೂಡಿನ ಬೆಂಕಿಯ ಮಗ್ಗುಲು ಜಾಟವರ ಪಾಲಿಗೆ ಬಂತು. ಆದರೂ, ಹೊಲದ ಕೂಲಿಗೆ ಇದೇ ಹಳ್ಳಿಯ ಮಾಲೀಕನ ಮುಂದೆ ನಿಲ್ಲಬೇಕಾದ ಅಗತ್ಯ ತಪ್ಪಿದ್ದು ಅವರಿಗೆ ಭೂಸುಧಾರಣೆ ಕೊಡಲಾರದ ಒಂದು ಬಿಡುಗಡೆಯನ್ನು ಕೊಟ್ಟಿತೆಂದು ಹೇಳಬೇಕು.

ಹೊಲದಲ್ಲಿಯೂ ಹೊಸದೊಂದು ಬಂತು. ಮೆಂಥಾ ಎಂಬ ಪುದೀನದ ಜಾತಿಯ ಸಸ್ಯವನ್ನು ಫೆಬ್ರವರಿ ಮಾರ್ಚಿಯಲ್ಲಿ ನಾಟಿಮಾಡಿ, ಬೇಸಗೆಯ ಉರಿಯಲ್ಲಿ ಮತ್ತೆ ಮತ್ತೆ ನೀರು ಹಾಯಿಸಿ, ಮೇ ಜೂನ್‌ನಲ್ಲಿ ಕೊಯ್ದು, ಹೊಲದ ಅಂಚಿನಲ್ಲೇ ಹೂಡಿದ ಕಬ್ಬಿಣದ ಹಂಡೆಯಲ್ಲಿ ತುಂಬಿ ಕೆಳಗೆ ಉರಿ ಹಾಕುತ್ತಾರೆ. ಆವಿ ಕೊಳವೆಯ ಮೂಲಕ ಹಾದು ನೀರಿನ ತೊಟ್ಟಿಯಲ್ಲಿ ತಣಿದು ಎಣ್ಣೆಯಾಗಿ ಹನಿಯುತ್ತದೆ. ಆ ವಾರಗಳಲ್ಲಿ ಊರಿನ ಗಾಳಿಯೆಲ್ಲ ಕಣ್ಣಿಗೆ ತಾಕುವಷ್ಟು ಘಾಟಾದ ಪರಿಮಳ. ಎಣ್ಣೆ ತೆಗೆದ ಸೊಪ್ಪನ್ನು ಒಣಗಿಸಿ ಮುಂದಿನ ಹಂಡೆಗೆ ಉರುವಲು ಮಾಡುತ್ತಾರೆ. ಚಂದೌಸಿ ಈ ಎಣ್ಣೆಯ ದೊಡ್ಡ ಮಾರುಕಟ್ಟೆಯಾದ್ದರಿಂದ ಮಾರಾಟಕ್ಕೆ ದೂರ ಹೋಗಬೇಕಾಗಿಲ್ಲ. ಧಾರಣೆ ಬಿದ್ದಾಗ ಡಬ್ಬಿಯಲ್ಲಿ ತುಂಬಿ ಮನೆಯ ಮೂಲೆಯಲ್ಲಿಟ್ಟು, ಮದುವೆಯೋ ಕಾಯಿಲೆಯೋ ಬಂದಾಗ ತೆಗೆದು ಮಾರುತ್ತಾರೆ. ಚಳಿಗಾಲದ ಬೆಳೆಗೂ ಮಳೆಗಾಲದ ಬೆಳೆಗೂ ನಡುವೆ ಬರಿದಾಗಿ ಬಿದ್ದಿರುತ್ತಿದ್ದ ನೆಲ ಹೀಗೆ ಮೂರನೆಯ ಬೆಳೆಯನ್ನು ಕೊಡತೊಡಗಿತು. ಆ ಬೆಳೆಗೆ ಬೇಕಾದ ನೀರೆಲ್ಲ ನೆಲದ ಕೆಳಗಿನಿಂದ ಬರಬೇಕು. ಹೀಗೆ ಎಷ್ಟು ಕಾಲ ನಡೆದೀತೆಂಬುದು ಆ ಸೀಮೆಯ ರೈತರೆಲ್ಲರ ಮುಂದಿರುವ ಪ್ರಶ್ನೆ.

ಎಲ್ಲ ಹಿಂದೀ ಹಳ್ಳಿಗಳಿಗೂ ಪಾಲನ್‌ಪುರವೇ ಮಾದರಿಯೆಂದು ನಾನು ವಾದಿಸುತ್ತಿಲ್ಲ. ಅದೇ ರಾಜ್ಯದ ಪೂರ್ವಭಾಗದ ಜೌನ್‌ಪುರ ಜಿಲ್ಲೆಯ ಸೇನಾಪುರ, ಕಾರ್ನೆಲ್ ವಿಶ್ವವಿದ್ಯಾನಿಲಯದ ಮಾರಿಸ್ ಓಪ್ಲರ್ ಮತ್ತು ಅವರ ಶಿಷ್ಯವರ್ಗ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಧ್ಯಯನಕ್ಕೆ ಆರಿಸಿಕೊಂಡ ಗ್ರಾಮ. ಆ ಭಾಗದಲ್ಲಿ ಭೂಮಿಯ ಮೇಲಿನ ಒತ್ತಡ ಇನ್ನೂ ತೀವ್ರ, ಹತ್ತಿರದಲ್ಲಿ ಕೈಗಾರಿಕೆಯ ನಗರಗಳು ಕಡಿಮೆ; ಆದ್ದರಿಂದ ಜನ ದಿನವೂ ಹೋಗಿಬರುವವರಾಗದೆ ಕಲ್ಕತ್ತ, ಮುಂಬಯಿಗಳಿಗೆ ವಲಸೆಹೋಗಿ ವರ್ಷಕ್ಕೊಮ್ಮೆ ಬರುವವರಾದರು, ಊರಿನ ಒಲೆ ಮನಿಯಾರ್ಡರಿನಿಂದ ಉರಿಯತೊಡಗಿತು. ಇಂದು ಅದೇ ಪೂರ್ವ ಜಿಲ್ಲೆಗಳ ಮತ್ತು ಬಿಹಾರದ ಯುವಕರು ಬೆಂಗಳೂರಿನ ಎತ್ತರದ ಕಟ್ಟಡಗಳ ಸಾರುವೆಯ ಮೇಲೆ ನಿಂತಿದ್ದಾರೆ. ನಮ್ಮ ನಗರದ ತಗಡಿನ ಬಿಡಾರಗಳಲ್ಲಿ ಅವರನ್ನು ನೋಡಿ ಭಾಷೆಯ ಕಾರಣದಿಂದ ಮುಖ ತಿರುಗಿಸುವವರು, ಎಲ್ಲಿಯೋ ಒಂದು ಎಕರೆಯ ನಾಲ್ಕು ಪಾಲಾದ ಹೊಲವೊಂದು ಅವರು ಕಳುಹಿಸುವ ದುಡ್ಡಿನಿಂದ ಗೊಬ್ಬರ ಕಾಣುತ್ತಿದೆ ಎಂಬುದನ್ನು ತಿಳಿಯಲೆಂದು ನನ್ನ ಹಾರೈಕೆ.

ಹೆಂಗಸರ ವಿಷಯವನ್ನು ಕೊನೆಗೆ ಉಳಿಸಿಕೊಂಡದ್ದು ಅದು ಗೌಣವೆಂದಲ್ಲ. ಗಣತಿಯ ಸಾಲು ಅತ್ಯಂತ ಹೆಚ್ಚಾಗಿ ಸೋಲುವುದು ಇಲ್ಲಿಯೇ ಆದ್ದರಿಂದ. ವರ್ಷದಲ್ಲಿ 183 ದಿನ ಅಥವಾ ಅದಕ್ಕೆ ಮೇಲ್ಪಟ್ಟು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಕಾಲಿಕರು, ಉಳಿದವರು ಕೆಲಸಗಾರರಲ್ಲದವರು ಎಂಬುದು 1981ರಿಂದ ಬಂದ ವಿಭಾಗ. ಪಶ್ಚಿಮ ಉತ್ತರಪ್ರದೇಶದ ಹಳ್ಳಿಯ ಗೃಹಿಣಿಯ ಮಾಘಮಾಸದ ಒಂದು ದಿನವನ್ನು ಪರಿಶೀಲಿಸೋಣ. ಬೆಳಕು ಹರಿಯುವ ಮೊದಲು ಎದ್ದು ಎಮ್ಮೆಗೆ ಹೊಟ್ಟು ಹಿಂಡಿ ಕಲಸಿ ಇಟ್ಟು, ಹಾಲು ಕರೆದು, ಕೊಟ್ಟಿಗೆ ಬಳಿದು, ಸಗಣಿಗೆ ಹೊಟ್ಟು ಬೆರೆಸಿ ಬೆರಣಿ ತಟ್ಟುತ್ತಾಳೆ. ಒಣಗಿದ ಬೆರಣಿಗಳನ್ನು ಗುಡಿಸಲಿನ ಆಕಾರದಲ್ಲಿ ಒಟ್ಟಿ ಮೇಲೆ ಸಗಣಿ ಸಾರಿಸಿ, ಮಳೆ ತಾಗದಂತೆ ಕಾಪಾಡುವ ಬಿಟೌಡಾ ಎಂಬ ರಾಶಿ ಆಕೆಯದೇ ನಿರ್ಮಾಣ. ಅದರ ಗೋಡೆಯ ಮೇಲೆ ಬೆರಳಿನಿಂದ ಎಳೆದ ಚಿತ್ತಾರವೂ ಆಕೆಯದೇ. ರೊಟ್ಟಿ ಮಾಡಿಟ್ಟು, ಕಬ್ಬು ಕಡಿಯುತ್ತಿರುವ ಯಾರದೋ ಹೊಲಕ್ಕೆ ಹೋಗಿ ದಿನದ ಬಹುಭಾಗ ಜಲ್ಲೆಗಳನ್ನು ಸವರಿ ಕಟ್ಟು ಕಟ್ಟುತ್ತಾಳೆ. ಕೂಲಿಯೆಂದು ಆಕೆಗೆ ಸಿಕ್ಕುವುದು ಹಣವಲ್ಲ, ಕಬ್ಬಿನ ತುದಿಯ ಹಸಿರು ಸೋಗೆ. ಅದನ್ನು ತಲೆಯ ಮೇಲೆ ಹೊತ್ತು ತಂದು ಯಂತ್ರದಲ್ಲಿ ಕತ್ತರಿಸಿ ಎಮ್ಮೆಗೆ ಹಾಕುತ್ತಾಳೆ, ಸಂಜೆಯ ಹಾಲನ್ನು ಗಂಡ ಡೈರಿಗೆ ಒಯ್ದು ಅಳೆಸಿ ಹಣ ತರುತ್ತಾನೆ. ಗಣತಿದಾರರು ಬಾಗಿಲಿಗೆ ಬಂದು ಹೆಂಗಸರು ಏನು ಮಾಡುತ್ತಾರೆಂದು ಕೇಳಿದರೆ ಮನೆಯ ಯಜಮಾನನ ಉತ್ತರ: ಏನೂ ಇಲ್ಲ, ಮನೆಯಲ್ಲಿರುತ್ತಾರೆ. ಆತ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೆಂಡತಿ ಪರರ ಹೊಲದಲ್ಲಿ ದುಡಿಯುತ್ತಾಳೆಂದು ಒಪ್ಪಿಕೊಳ್ಳುವುದು ಅಲ್ಲಿ ಮರ್ಯಾದೆಗೆ ಸಂಬಂಧಿಸಿದ ವಿಷಯ. ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ಮಾಡಿದ ದುಡಿಮೆಯೂ ದುಡಿಮೆಯೇ ಎಂಬುದನ್ನು 1991ರ ಪ್ರಶ್ನಾವಳಿಯಲ್ಲಿ ಸ್ಪಷ್ಟವಾಗಿ ಬರೆದದ್ದುಂಟು. ಆದರೆ ಪ್ರಶ್ನೆಗೆ ಉತ್ತರ ಹೇಳುವ ಬಾಯಿ ಬದಲಾಗದೆ ಪ್ರಶ್ನೆಯ ಮಾತು ಮಾತ್ರ ಬದಲಾದರೆ ಫಲ ಅಷ್ಟಕ್ಕಷ್ಟೆ.

ಶಿಕ್ಷಣದಲ್ಲಿಯೂ ಇದರ ನೆರಳುಂಟು. 1957ರಲ್ಲಿ ಪಾಲನ್‌ಪುರದಲ್ಲಿ ಓದುಬಲ್ಲ ಹೆಂಗಸು ಇರಲಿಲ್ಲವೆಂದೇ ಹೇಳಬಹುದಾದ ಸ್ಥಿತಿ. ಈಗ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಾರೆ, ಆದರೆ ಗಂಡುಮಕ್ಕಳಿಗಿಂತ ಬಹಳ ತಡವಾಗಿ ಆ ದಾರಿ ಹಿಡಿದರು. ಆದಾಯ ಏರಿದ ಇದೇ ಕಾಲದಲ್ಲಿ ಹಳ್ಳಿಯೊಳಗಿನ ಅಸಮಾನತೆಯೂ ಏರಿತೆಂಬುದು, ತಂದೆಯ ಸ್ಥಿತಿಯಿಂದಲೇ ಮಗನ ಸ್ಥಿತಿಯನ್ನು ಊಹಿಸುವುದು ಹಿಂದಿಗಿಂತ ಸುಲಭವಾಯಿತೆಂಬುದು ಸಮೀಕ್ಷಕರ ನಿರ್ಣಯ. ಹೊರಗಿನ ಉದ್ಯೋಗ ಎಲ್ಲರಿಗೂ ತೆರೆದಿದ್ದರೂ ಅದರ ಮೇಲಿನ ಮೆಟ್ಟಿಲುಗಳಿಗೆ ಓದು ಬೇಕು, ಹಣ ಬೇಕು, ನಗರದಲ್ಲಿ ಮಾತನಾಡಬಲ್ಲ ನೆಂಟರು ಬೇಕು. ಇವು ಯಾರ ಮನೆಯಲ್ಲಿ ಮೊದಲೇ ಇದ್ದವೋ ಅವರ ಮಕ್ಕಳೇ ಅವನ್ನು ಏರಿದರು.

2021ರಲ್ಲಿ ಆಗಬೇಕಾಗಿದ್ದ ಜನಗಣತಿ ಆಗಲಿಲ್ಲ. ಮುಂದಿನದಕ್ಕೆ 2027ರ ಮಾರ್ಚಿ 1ನೆಯ ತಾರೀಖನ್ನು ಗೊತ್ತುಮಾಡಿದ್ದಾರೆ. ಹದಿನಾರು ವರ್ಷಗಳ ಅಂತರದ ಮೇಲೆ ಹಳ್ಳಿಗಳ ಸಾಲುಗಳು ಹೊಸದಾಗಿ ಮುದ್ರಿತವಾಗುವಾಗ ಅದೇ ಹಳೆಯ ವೃತ್ತಿಗಳ ಅಂಕಣಗಳೇ ಉಳಿದರೆ, ಬೆಳಗ್ಗೆ ಹಿತ್ತಾಳೆಗೆ ಮೆರಗು ಹಾಕಿ ಸಂಜೆ ಗೋಧಿಗೆ ನೀರು ಹಾಯಿಸುವವನು ಯಾವುದಾದರೂ ಒಂದರಲ್ಲಿ ಅರ್ಧ ಮರೆಯಾಗುತ್ತಾನೆ, ಸೋಗೆಗೆ ದುಡಿದವಳು ಯಾವುದರಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಕೋಟ್ಯಂತರ ಮನೆಗಳಿಗೆ ದೀರ್ಘವಾದ ಪ್ರಶ್ನಾವಳಿಯನ್ನು ಒಯ್ಯುವುದು ಅಸಾಧ್ಯವೆಂಬುದನ್ನು ಬಲ್ಲೆ. ಆದರೆ ಜಿಲ್ಲೆಗೊಂದು ಹಳ್ಳಿಯನ್ನು ಆರಿಸಿ, ಪ್ರತಿಮನೆಗೂ ಮುಂಗಾರಿನಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ ಹೋಗಿ, ಗಂಡಸರನ್ನು ಬೇರೆಯಾಗಿ ಹೆಂಗಸರನ್ನು ಬೇರೆಯಾಗಿ ವಿಚಾರಿಸಿ, ಆ ಮನೆಗೆ ಅನ್ನ ಎಲ್ಲೆಲ್ಲಿಂದ ಬಂತೆಂಬುದನ್ನು ಬರೆದಿಡುವುದು ವಿಶ್ವವಿದ್ಯಾನಿಲಯಗಳ ಶಕ್ತಿಗೆ ಮೀರಿದ್ದೇನಲ್ಲ; 1957ರಲ್ಲಿ ಸ್ವಲ್ಪವೇ ಹಣದಲ್ಲಿ, ಗಣಕಯಂತ್ರಗಳಿಲ್ಲದೆ, ದೆಹಲಿಯ ಒಂದು ಸಂಶೋಧನ ಕೇಂದ್ರ ನೂರು ಮನೆಗಳಿಗೆ ಹೋಗಿ ಅದನ್ನು ಮಾಡಿತು. ಹಿಂದೀ ಸೀಮೆಯಲ್ಲಿ ಆಗಬೇಕಾದ ಈ ಕೆಲಸ ನಮ್ಮ ರಾಯಚೂರು, ಚಾಮರಾಜನಗರಗಳ ಹಳ್ಳಿಗಳಲ್ಲಿಯೂ ಅಷ್ಟೇ ಅಗತ್ಯವಾಗಿ ಆಗಬೇಕಾಗಿದೆ.